ಮಾರ್ಕರ್ ಚನವೀರ

ಒಂದ ಕ್ಯಾಸೆಟ್ ಇತ್ತು ನಮ್ಮ ಹತ್ರ.
ಒಂದ.
ಪುಣೆದಿಂದ ಯಾರೋ ತಂದದ್ದು. ಅದರ ಬೆನ್ನಿನ ಮ್ಯಾಲ
ಬರದದ್ದೆಲ್ಲಾ ಅಳಿಸಿ
ಒಂದು ಇಸ್ವಿ ಉಳದಿತ್ತು, ಅದೂ ಅರ್ಧ.

ಗಿರಣಿ ಮುಚ್ಚಿದ ಮ್ಯಾಲ ಸಾಹೇಬರ ಕ್ಲಬ್ಬಿನ ಮೇಜು
ಹಮಾಲರ ಹೆಗಲೇರಿ
ನಮ್ಮಪ್ಪನ ಮಗ್ಗದ ಶೆಡ್ಡಿಗೆ ಬಂತು,
ಐದು ತುಂಡು ಕಲ್ಲು, ಆರು ಜೇಬು, ಎಂಟು ಕಾಲು.
ಮೇಜಿನ ಸಂಗಾಟ, ಬಿಟ್ಟಿ ಅನ್ನೂಹಂಗ,
ಚನವೀರ ಕಾಕಾನೂ ಬಂದ
ಬಗಲಾಗ ಇಸ್ತ್ರಿಪೆಟ್ಟಿಗಿ ಹಿಡಕೊಂಡು.

ಚಾದರದ ಊರು ಸೊಲ್ಲಾಪುರ.
ಇಲ್ಲಿ ನೇಯದ ಬಟ್ಟಿ ಒಂದ, ಮೇಜಿನ ಹಸಿರು.
ಹರದ್ರ ಹೊಲೀಲಿಕ್ಕ ಬರೂದಿಲ್ಲಂತ
ಬೀಡಿ ಸೇದವರನ್ನ ಕಾಕಾ ಹೊರಗ ನಿಂದರಸ್ತಿದ್ದ.

ಆ ಕ್ಯಾಸೆಟ್ಟು ಎಷ್ಟ ಸಲ ನೋಡೀವಿ?
ಅಂಬಾದಾಸ ಬೊಮ್ಮಾ ಮುನ್ನೂರು ಅಂತಾನ.
ಇಲಾಹಿ ಅಂತಾನ, ಬಿಡು, ಲೆಕ್ಕಾ ಹಾಕಿದ್ರ ಮನ್ಯಾಗ ಬೈತಾರ.
ಯಾವ ಹೊಡತಕ್ಕ ಯಾರು ಕೆಮ್ಮತಾರ,
ಮೂರನೇ ಸಾಲಿನ ಬೋಳತಲಿಯಂವ
ಯಾವಾಗ ಚಾಳೀಸ ಒರಸ್ಕೋತಾನ, ಎಲ್ಲಾ ಬಾಯಿಪಾಠ.
ಕಡೀ ಫ್ರೇಮು, ಕಡೀ ಚೆಂಡು,
ಕಪ್ಪು ಮೂಲಿಯ ಜೇಬಿನ ಕಡೆ ಉರುಳಲಿಕ್ಕ ಹತ್ತಿತ್ತು,
ಅಷ್ಟರಾಗ ಇಲಾಹಿಯ ಅಕ್ಕನ ಲಗ್ನ!
ಯಾರೋ ಅದರ ಮ್ಯಾಲೇ ತುಂಬಿದ್ರು:
ಬಿರ್ಯಾನಿಯ ಡೇಗು, ಮಲ್ಲಿಗಿ ಸೆಹರಾ,
ಕ್ಯಾಮೆರಾಕ್ಕ ಬೆನ್ನ ತಿರುವಿ ನಿಂತ ಒಂದು ಹುಡುಗಿ.

ಇಪ್ಪತ್ತಾರು ವರ್ಷ ವಾದ ಹಾಕೀವಿ,
ಬಿತ್ತೋ ಇಲ್ಲೋ.
ಚಹಾ ಪಣಕ್ಕ ಇಟ್ಟೀವಿ. ಒಮ್ಮೆ ಒಂದು ಸೈಕಲ್ಲು.

ಈಗ
ನನ್ನ ಮಗ ಬೆರಳ ಜಾರಿಸಿದ್ರ
ಶೆಫೀಲ್ಡು, ಶಾಂಘೈ, ಮನಿಲಾದ ಯಾವುದೋ ತಗಡಿನ ಶೆಡ್ಡು;
ಹೆಸರ ಓದಲಿಕ್ಕ ಬರದ ಊರಾಗ
ಒಂಬತ್ತು ವರ್ಷದ ಪೋರಿ ಸ್ಟೂಲಿನ ಮ್ಯಾಲ ನಿಂತು ನೂರು ಹೊಡೀತಾಳ;
ಅದ ಹೊಡತ ಮ್ಯಾಲಿಂದ, ಬಾಜೂದಿಂದ, ಜೇಬಿನ ಒಳಗಿಂದ;
ಕ್ಯೂದ ತುದಿಗೆ ಚರ್ಮಾ ಹಚ್ಚೂದು ಹ್ಯಾಂಗ, ನಲವತ್ತು ನಿಮಿಷ;
ಚಾಕ್‌ಪೀಸಿನ್ಯಾಗ ಯಾವ ನೀಲಿ ಚಲೋ ಅಂತ ಇಬ್ಬರ ಜಗಳ.
ಒಂದು ಮುಗಿಯೂದ್ರಾಗ ಇನ್ನೊಂದು ಉರುಳಿ ಬರತದ.
ನಾಕೈದು ದಿನಕ್ಕೊಮ್ಮೆ ನಳ ಬರೂ ಊರಾಗ
ಇದೊಂದು ಬಂದ ಆಗೂದಿಲ್ಲ.

ಆ ಆಟಾನೂ ಹುಡುಕಿದ.
ಹನ್ನೊಂದು ಸೆಕೆಂಡು ಹಿಡೀತು.
ಅಂಬಾದಾಸ ಎದ್ದು ಹೊರಗ ಹೋದ
ಚಪ್ಪಲಿ ನೋಡೂ ನೆವಾ ಮಾಡಿ.
ಕಪ್ಪು ಉರುಳಿತು, ಬಿತ್ತು.
ಎಷ್ಟು ಸಲೀಸಂದ್ರ, ಯಾರಿಗೂ ಏನೂ ಅನಸಲಿಲ್ಲ.
"ಸೈಕಲ್ಲು ನಂದು", ಅಂದ ಇಲಾಹಿ.
ಆ ಸೈಕಲ್ಲು ಭಂಗಾರಕ್ಕ ಹೋಗಿ ಯಾವ ಕಾಲಾತೋ.

ಕಾಕಾ ಒಬ್ಬನ, "ಹಿಂದಕ್ಕ ತಗೋ", ಅಂದ,
"ಅಂವನ್ನ ತೋರಸು."
ಯಾರನ್ನ?
ಗೆದ್ದಂವ ಕೈ ಎತ್ತಿ ಚೌಕಟ್ಟಿನ ಹೊರಗ ಹೋದ ಮ್ಯಾಲ
ಹಿಂದ ಒಬ್ಬ ಉಳದಿದ್ದ, ಬಿಳಿ ಕೈಗವಸಿನಂವ.
ಜೇಬಿನ್ಯಾಗ ಕೈ ಹಾಕಿ ಕಪ್ಪು ತಗದ,
ಒರಸಿದ (ಆಟ ಮುಗದಿತ್ತಲ್ಲ, ಯಾಕ ಒರಸಿದ?)
ಅದರ ಜಾಗಾದಾಗ ಅದನ್ನ ಇಟ್ಟ.

ಕಾಕಾಗ ಈಗ ಎಪ್ಪತ್ತೊಂಬತ್ತು.
ನನ್ನ ಮಗನ ಹಳೇ ಫೋನು, ದಿನಕ್ಕ ಒಂದೂವರಿ ಜೀಬಿ.
ಜಗತ್ತಿನ ಅಷ್ಟೂ ಆಟ ಅದರಾಗ ಬಿದ್ದಿದ್ರೂ
ಅಂವ ನೋಡೂದು ಆ ಕೈಗಳನ್ನ.
ಒಬ್ಬಾಕಿ ಹೆಣ್ಣಮಗಳು ಬಂದಾಳಂತ,
ಚೆಂಡ ಇಟ್ಟು ಬೆರಳ ಬಿಡಸ್ಕೋತಾಳ
ಮಲಗಿದ ಕೂಸಿನ ಮುಷ್ಟಿಯಿಂದ ಗಿಲಕಿ ತಗದಂಗ.
ಕಾಕಾನ ತುಟಿ ಅಲಗತಾವ, ಮರಾಠಿಯೂ ಅಲ್ಲ, ನಮ್ಮದೂ ಅಲ್ಲ,
ಕ್ಲಬ್ಬಿನ್ಯಾಗ ಕಲತದ್ದು:
ವನ್. ಯೇಟ್. ನೈನ್. ಸಿಕ್ಸ್‌ಟೀನ್.

ರಾತ್ರಿ ಬಾಗಲಾ ಹಾಕೂಕಿಂತ ಮೊದಲ ಇಸ್ತ್ರಿ ಕಾಸತಾನ.
ಅಂಗೈಲೆ ಬಿಸಿ ನೋಡಿ
ಹಸಿರಿನ ಮ್ಯಾಲ ಎಳೀತಾನ, ಒಂದ ದಿಕ್ಕಿಗೆ,
ತಿರುಗಿ ಎಳೀಬಾರದು, ಜುಂಗು ಏಳತದ.
ಮಗನ್ನ ಕೇಳಿದೆ, ಇದರ ವಿಡಿಯೋ ಅದನೇನಪ್ಪಾ?
"ಇರತದ", ಅಂದ ಅಂವ,
ತಲಿ ಎತ್ತಲಾರದ.